ಕಾಶಿಯಲ್ಲಿ ಬಿಟ್ಟದ್ದು ಕಡಲಿಗೆ!



ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕು ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಒಬ್ಬರು ಇಷ್ಟವಾದ ಹಣ್ಣು ಬಿಡುತ್ತಾರೆ, ಇನ್ನೊಬ್ಬರು ತರಕಾರಿ. ಕೆಲವರು ಕೋಪ ಬಿಟ್ಟು ಬಂದೆ ಅಂತಾರೆ. ಅದು ಮಾತ್ರ ರೈಲು ಬೆಂಗಳೂರು ಮುಟ್ಟುವ ಮೊದಲೇ ವಾಪಸ್ ಬಂದಿರುತ್ತದೆ! ಇರಲಿ. ಇವೆಲ್ಲ ಗೊತ್ತಿದ್ದು ಬಿಡುವಂಥವು. ಗೊತ್ತಿಲ್ಲದೆ ಬಿಟ್ಟು ಬರುವುದರ ಪಟ್ಟಿ ಇನ್ನೂ ಉದ್ದ. ಹೂವು ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರ್, ಶಾಂಪೂ ಸ್ಯಾಷೆ, ನೀರಿನ ಬಾಟಲಿ, ಮುಳುಗೆದ್ದ ಮೇಲೆ ನದಿಯಲ್ಲೇ ಬಿಟ್ಟ ಪಾಲಿಯೆಸ್ಟರ್ ಸೀರೆ, ಉಳಿದುಕೊಂಡ ಲಾಡ್ಜಿನ ಬಚ್ಚಲ ನೀರು...

ಇದೆಲ್ಲ ಎಲ್ಲಿಗೆ ಹೋಗುತ್ತದೆ? ಕಡಲಿಗೆ.

"ಸಮುದ್ರವೇ ಇಲ್ಲದ ಬೆಂಗಳೂರಲ್ಲಿ ಕೂತು ಸಮುದ್ರದ ಚಿಂತೆ ನಮಗ್ಯಾಕೆ?" ಅಂತ ನೀವು ಕೇಳಬಹುದು. ಕಾಶಿಯಲ್ಲೂ ಸಮುದ್ರ ಇಲ್ಲ. ಆದರೆ ಆ ಊರಿನ ನೀರಿನ ಬೆನ್ನು ಹತ್ತಿ ಹೋದರೆ ಕಡಲಿನ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ಹೇಳಿ ಮುಗಿಸಲಾಗದ ವಿಷಯ ಇದು. ಅದಕ್ಕೇ ಈ ಪುಟದಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡೋಣ.

ಕಾಶಿಯಿಂದ ಕಡಲು ಎಷ್ಟು ದೂರ?

ಕಾಶಿ ಕನ್ನಡಿಗರಿಗೆ ಪರಊರೇ ಅಲ್ಲ. ಅಲ್ಲಿ ಜಂಗಮವಾಡಿ ಮಠ ಇದೆ. ಹರಿಶ್ಚಂದ್ರ ಘಾಟ್ ಮತ್ತು ಹನುಮಾನ್ ಘಾಟ್‌ಗಳ ನಡುವೆ ಕರ್ನಾಟಕದ ಹೆಸರಿನದೇ ಒಂದು ಘಾಟ್ ಇದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ 'ಭಾರತ್ ಗೌರವ್ ಕಾಶಿ ದರ್ಶನ' ರೈಲು ಹೊರಟಿದ್ದೂ ನಿಮಗೆ ನೆನಪಿರಬಹುದು.

ಗಂಗೆಯ ಒಟ್ಟು ಉದ್ದ ಸುಮಾರು 2,525 ಕಿಲೋಮೀಟರ್. ಕಾಶಿಯ 84 ಘಾಟುಗಳ ಮುಂದೆ ಉತ್ತರಕ್ಕೆ ತಿರುಗಿ ಹರಿಯುವ ಆಕೆ ಆಮೇಲೆ ಪೂರ್ವಕ್ಕೆ ಹೊರಟು ಬಿಹಾರ ದಾಟಿ, ಬಂಗಾಳ ಸೇರಿ, ಎರಡು ಕವಲಾಗುತ್ತಾಳೆ. ಒಂದು ಕವಲು ಕೋಲ್ಕತ್ತ ದಾಟಿ ಗಂಗಾಸಾಗರದ ಬಳಿ, ಇನ್ನೊಂದು ಬಾಂಗ್ಲಾದೇಶದಲ್ಲಿ ಬ್ರಹ್ಮಪುತ್ರ, ಮೇಘನಾ ನದಿಗಳ ಜೊತೆ ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವಾರಾಣಸಿಯಿಂದ ಹಲ್ದಿಯಾ ಬಂದರಿಗೆ ಜಲಮಾರ್ಗದಲ್ಲಿ 1,390 ಕಿಲೋಮೀಟರ್. ನಮಗೆ ಇದು ದೂರ. ನೀರಿಗೆ ಮಾತ್ರ ಇದು ಒಂದೇ ದಾರಿ, ಹಿಂದಕ್ಕೆ ಬರುವ ಟಿಕೆಟ್ ಇಲ್ಲ.

ಸಮುದ್ರದ ಮಾಲಿನ್ಯ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮುಳುಗಿದ ಹಡಗು, ಸೋರಿದ ಎಣ್ಣೆ. ಆದರೆ ಕಡಲಿನ ಕೊಳೆಯ ದೊಡ್ಡ ಪಾಲು ಹೊರಡುವುದು ನೆಲದಿಂದಲೇ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಟನ್ ಪ್ಲಾಸ್ಟಿಕ್ ಸಮುದ್ರ ಸೇರುತ್ತಿದೆ. ಹತ್ತು ಟನ್ ಹೊರುವ ಲಾರಿಯ ಲೆಕ್ಕ ಹಾಕಿ ನೋಡಿ, ದಿನಕ್ಕೆ ಮೂರು ಸಾವಿರ ಲೋಡು! ನದಿಗಳ ಮೂಲಕ ಹೋಗುವ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ 80 ಭಾಗ ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಹಾಗಾಗಿ ಒಂದೆರಡು ದೊಡ್ಡ ನದಿಗಳ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಊರೂರಿನ ಹಳ್ಳ, ಮೋರಿಗಳೂ ಈ ಮೆರವಣಿಗೆಯಲ್ಲಿವೆ.

ಮಡಿ ಬೇರೆ, ಶುಚಿ ಬೇರೆ

ಗಂಗೆ ಪಾವನೆ, ಅವಳಿಗೆ ಮೈಲಿಗೆ ಇಲ್ಲ ಅನ್ನುವುದು ನಂಬಿಕೆ. ಅದಕ್ಕೆ ಯಾರೂ ಅಡ್ಡಿ ಬರಬೇಕಿಲ್ಲ. ಆದರೆ ಮಡಿ ಬೇರೆ, ಶುಚಿ ಬೇರೆ ಅನ್ನುವುದು ನಮ್ಮ ಅಡುಗೆಮನೆಗಳಲ್ಲೇ ಎಲ್ಲರಿಗೂ ಗೊತ್ತಿರುವ ಮಾತು ತಾನೇ?

ಈ ಎರಡನ್ನೂ ಒಟ್ಟಿಗೆ ಬದುಕಿದವರು ಕಾಶಿಯ ವೀರಭದ್ರ ಮಿಶ್ರ. ಅವರು ಸಂಕಟ ಮೋಚನ ಹನುಮಾನ್ ದೇವಸ್ಥಾನದ ಮಹಂತರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಹೌದು. ಅವರ ವಿಷಯವೇ ನೀರಿನ ಹರಿವಿನ ಶಾಸ್ತ್ರ. ಅದೇ ಗಂಗೆಯಲ್ಲಿ ಭಕ್ತರಾಗಿ ಮುಳುಗುತ್ತಿದ್ದರು, ಅದೇ ನೀರಿನ ಪರೀಕ್ಷೆಗೆ ತುಳಸಿ ಘಾಟ್‌ನಲ್ಲಿ ಪ್ರಯೋಗಾಲಯವನ್ನೂ ಕಟ್ಟಿದರು. 1982ರಲ್ಲಿ ಅವರು ಸಂಕಟ ಮೋಚನ ಫೌಂಡೇಶನ್ ಸ್ಥಾಪಿಸಿದರು. 1999ರಲ್ಲಿ 'ಟೈಮ್' ಪತ್ರಿಕೆ ಅವರನ್ನು ಭೂಮಿಯನ್ನು ಕಾಯುವ ವೀರರ ಸಾಲಿಗೆ ಸೇರಿಸಿತು. 2013ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಪ್ರಯೋಗಾಲಯದಲ್ಲಿ ಏನು ಅಳೆಯುತ್ತಾರೆ? ಮುಖ್ಯವಾಗಿ ಎರಡು. ಒಂದು, ಮಲದಿಂದ ಬರುವ ಬ್ಯಾಕ್ಟೀರಿಯಾ. ಸ್ನಾನದ ನೀರಿನಲ್ಲಿ 100 ಮಿಲಿಲೀಟರಿಗೆ ಇವು 500ರ ಒಳಗಿದ್ದರೆ ಒಳ್ಳೆಯದು, ಹೆಚ್ಚೆಂದರೆ 2,500 ಅಂತ ನಮ್ಮ ದೇಶದ ಮಾನದಂಡ. ಎರಡನೆಯದು ಬಿ.ಓ.ಡಿ. ಹೆಸರು ಕೇಳಿ ಹೆದರಬೇಡಿ. ನೀರಿಗೆ ಬಿದ್ದ ಕೊಳೆಯನ್ನು ತಿಂದು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ, ಅಷ್ಟೇ. ಮದುವೆಮನೆಯಲ್ಲಿ ನೂರು ಜನಕ್ಕೆ ಅಡುಗೆ ಮಾಡಿದ್ದಾರೆ, ಕರೆಯದೇ ಬಂದ ಐನೂರು ಜನ ಮೊದಲ ಪಂಕ್ತಿಯಲ್ಲೇ ಕೂತರು ಅಂದುಕೊಳ್ಳಿ. ಮನೆಯವರಿಗೆ ಊಟ ಉಳಿಯುತ್ತದೆಯೇ? ಹಾಗೇ ಚರಂಡಿ ನೀರು ಹೆಚ್ಚಾದಷ್ಟೂ ಈ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ.

1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟಿದ್ದು ಕಾಶಿಯಲ್ಲೇ. ಪಂಪುಗಳು ಬಂದವು, ಸಂಸ್ಕರಣಾ ಘಟಕಗಳು ಬಂದವು. ಆದರೆ ಕರೆಂಟ್ ಹೋದರೆ ಪಂಪು ನಿಲ್ಲುತ್ತಿತ್ತು, ಪಂಪು ನಿಂತರೆ ಕೊಳಚೆ ನೇರ ನದಿಗೆ! ಕರೆಂಟನ್ನು ನಂಬದೆ, ಇಳಿಜಾರಿನ ಬಲದಿಂದಲೇ ಕೊಳಚೆಯನ್ನು ಊರಾಚೆಗೆ ಒಯ್ದು ದೊಡ್ಡ ಕೊಳಗಳಲ್ಲಿ ಪಾಚಿ ಮತ್ತು ಬಿಸಿಲಿನಿಂದ ಶುದ್ಧ ಮಾಡಬೇಕು ಅಂತ ಮಿಶ್ರ ಅವರು ಕೊನೆಯವರೆಗೂ ವಾದಿಸಿದ್ದು ಇದಕ್ಕೇ.

ಆಮೇಲೆ ಕೆಲಸ ಆಗಿಲ್ಲ ಅನ್ನುವಂತಿಲ್ಲ. 2014ರಲ್ಲಿ 'ನಮಾಮಿ ಗಂಗೆ' ಶುರುವಾಯಿತು. 2018ರ ನವೆಂಬರ್‌ನಲ್ಲಿ ದೀನಾಪುರದಲ್ಲಿ ದಿನಕ್ಕೆ 14 ಕೋಟಿ ಲೀಟರ್ ಶುದ್ಧ ಮಾಡುವ ಘಟಕ ಉದ್ಘಾಟನೆಯಾಯಿತು. ಗೋಯಿಠಹಾ, ರಮನಾಗಳಲ್ಲೂ ಘಟಕಗಳಾದವು. ಆದರೆ ಊರೂ ಬೆಳೆಯುತ್ತಿದೆ, 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ಕಾರಿಡಾರ್ ತೆರೆದ ಮೇಲೆ ಯಾತ್ರಿಕರ ಸಂಖ್ಯೆಯೂ ಏರಿದೆ. ಕಾಶಿಗೆ 'ವಾರಾಣಸಿ' ಎಂಬ ಹೆಸರು ಬಂದದ್ದು ವರುಣಾ ಮತ್ತು ಅಸ್ಸಿ ಎಂಬ ಎರಡು ನದಿಗಳಿಂದ ಅಂತ ಹೇಳುತ್ತಾರಲ್ಲ, ಆ ಅಸ್ಸಿಯನ್ನು ಇಂದು ಅಲ್ಲಿನ ಜನ ಕರೆಯುವುದು 'ಅಸ್ಸಿ ನಾಲಾ' ಅಂತ. ನಾಲಾ ಅಂದರೆ ಮೋರಿ.

ಉಸಿರು ಕಟ್ಟುವ ಕಡಲು

ಚರಂಡಿ ನೀರಿನಲ್ಲಿ, ಹೊಲಗಳಿಂದ ಹರಿದು ಬರುವ ಗೊಬ್ಬರದಲ್ಲಿ ಸಾರಜನಕ ಮತ್ತು ರಂಜಕ ಇರುತ್ತವೆ. ಗಿಡಕ್ಕೆ ಇವು ಗೊಬ್ಬರವಾದರೆ ಪಾಚಿಗೂ ಗೊಬ್ಬರವೇ. 2021ರ ಬೇಸಿಗೆಯಲ್ಲಿ ಕಾಶಿಯ ಘಾಟುಗಳ ಮುಂದೆ ಗಂಗೆ ಹಸಿರಾಗಿದ್ದು ಈ ಪಾಚಿಯಿಂದಲೇ. ಪಾಚಿ ಸತ್ತು ಕೊಳೆಯುವಾಗ ಮತ್ತೆ ಅದೇ ಮದುವೆಮನೆ ಕಥೆ: ಆಮ್ಲಜನಕ ಖಾಲಿ.

ನದಿ ಹರಿಯುತ್ತದೆ, ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಉಳಿದದ್ದು ಕೊಲ್ಲಿಗೆ ಹೋಗಿ ಸೇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಸುಮಾರು ನೂರು ಮೀಟರ್ ಆಳದಿಂದ ಕೆಳಗೆ ಆಮ್ಲಜನಕ ತೀರಾ ಕಡಿಮೆ ಇರುವ ಒಂದು ಪದರ ಇದೆ. ಇದು ಮನುಷ್ಯ ಮಾಡಿದ್ದಲ್ಲ, ಸ್ವಾಭಾವಿಕ. ಆದರೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರೂ ಸೇರಿದ್ದ ವಿಜ್ಞಾನಿಗಳ ತಂಡ ಅಲ್ಲಿ ಅಳತೆ ಮಾಡಿದಾಗ, ಉಳಿದಿದ್ದು ಬರೀ ಲೇಶ ಮಾತ್ರ ಆಮ್ಲಜನಕ. ಆ ಲೇಶವೇ ಕೊಲ್ಲಿಯನ್ನು ಸದ್ಯ ಕಾಪಾಡುತ್ತಿದೆ. ನದಿಗಳು ಇನ್ನಷ್ಟು ಪೋಷಕಾಂಶ ತಂದು ಸುರಿದರೆ ಅದೂ ಹೋದೀತು ಎಂಬುದು ಅವರ ಎಚ್ಚರಿಕೆ. ಉಸಿರಿಲ್ಲದ ನೀರಿನಿಂದ ಈಜಿ ಓಡಬಲ್ಲ ಮೀನು ಓಡುತ್ತದೆ. ತಳದಲ್ಲಿ ಕೂತ ಚಿಪ್ಪುಜೀವಿಗಳು, ಹುಳುಗಳು ಎಲ್ಲಿಗೆ ಹೋದಾವು?

ಕಣ್ಣಿಲ್ಲದ ಸಾಕ್ಷಿ

ಈಗ ನಮ್ಮ ರಾಷ್ಟ್ರೀಯ ಜಲಚರದ ಪರಿಚಯ ಮಾಡಿಕೊಳ್ಳಿ. ಗಂಗಾ ಡಾಲ್ಫಿನ್. ಮೇಲೆ ಬಂದು ಉಸಿರು ಬಿಡುವಾಗ ಕೇಳುವ ಸದ್ದಿನಿಂದ ಅಲ್ಲಿಯವರು ಇದನ್ನು 'ಸೂಂಸ್' ಅಂತಾರೆ. ಕಾಶಿಯ ಕೆಳಭಾಗದಲ್ಲಿ, ಗೋಮತಿ ನದಿ ಗಂಗೆಯನ್ನು ಸೇರುವ ಕೈಥಿಯ ಆಸುಪಾಸಿನಲ್ಲಿ ಅದೃಷ್ಟ ಇದ್ದರೆ ನಿಮಗೂ ಕಾಣಿಸೀತು.

ಇದಕ್ಕೆ ಕಣ್ಣು ಕಾಣುವುದಿಲ್ಲ ಅಂದರೂ ಸರಿಯೇ. ಕೆಸರು ನೀರಿನಲ್ಲಿ ಕಣ್ಣಿಗೆ ಕೆಲಸವೂ ಇಲ್ಲ. ಮೂಗಿನ ನಾಳದಿಂದ ಟಕ್ ಟಕ್ ಅಂತ ಸೂಕ್ಷ್ಮ ಸದ್ದು ಹೊರಡಿಸಿ, ಅದು ಮೀನಿಗೆ ತಗುಲಿ ಮರಳಿದಾಗ ಕೇಳಿಸಿಕೊಂಡು ಬೇಟೆಯಾಡುತ್ತದೆ. ಅಂದರೆ ಇದು ಕಿವಿಯಿಂದಲೇ ಬದುಕುವ ಜೀವಿ, ನಮ್ಮ ರೇಡಿಯೋ ಕೇಳುಗರ ಹಾಗೆ! ರೇಡಿಯೋದಲ್ಲಿ ಗರಗರ ಸದ್ದು ಬಂದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ. ಸೂಂಸ್‌ಗೆ ಬದಲಾಯಿಸಲು ಬೇರೆ ನದಿ ಇಲ್ಲ. ಬೇಸಿಗೆಯಲ್ಲಿ ನೀರು ತೆಳುವಾದಾಗ ಹಡಗು, ಯಂತ್ರದ ದೋಣಿಗಳ ಗದ್ದಲಕ್ಕೆ ಈ ಪ್ರಾಣಿಯ ಶ್ರಮ ಬಹಳ ಹೆಚ್ಚುತ್ತದೆ ಎಂದು 2019ರ ಒಂದು ಅಧ್ಯಯನ ತೋರಿಸಿತು.

ಡಾಲ್ಫಿನ್ ಮೀನಲ್ಲ, ಸಸ್ತನಿ. ಆಗಾಗ ಮೇಲೆ ಬಂದು ಉಸಿರಾಡಲೇಬೇಕು. ಹರಿದ ನೈಲಾನ್ ಬಲೆಯನ್ನು ನದಿಗೇ ಎಸೆದರೆ ಅದು ವರ್ಷಗಟ್ಟಲೆ ಕೊಳೆಯದೆ ಯಾರಿಗೂ ಬೇಡದ ಬೇಟೆ ಆಡುತ್ತಲೇ ಇರುತ್ತದೆ. ಅದರಲ್ಲಿ ಸಿಕ್ಕಿದ ಡಾಲ್ಫಿನ್ ಮುಳುಗಿ ಸಾಯುತ್ತದೆ. ನೀರಿನಲ್ಲಿ ವಾಸಿಸುವ ಪ್ರಾಣಿ ನೀರಿನಲ್ಲಿ ಮುಳುಗಿ ಸಾಯುವುದು!

ಇನ್ನು ವಿಷದ ಲೆಕ್ಕ. ಕೀಟನಾಶಕ, ಪಾದರಸ ಮೊದಲು ಸಣ್ಣ ಜೀವಿಗಳಲ್ಲಿ ಒಂದಿಷ್ಟು ಸೇರುತ್ತದೆ. ಸಣ್ಣ ಮೀನು ಅಂಥ ಸಾವಿರವನ್ನು ತಿನ್ನುತ್ತದೆ, ದೊಡ್ಡ ಮೀನು ಅಂಥ ನೂರು ಮೀನನ್ನು ತಿನ್ನುತ್ತದೆ. ಹೀಗೆ ಬಡ್ಡಿ ಚಕ್ರಬಡ್ಡಿ ಸೇರಿ ತುದಿಯಲ್ಲಿರುವ ಡಾಲ್ಫಿನ್ನಿನ ದೇಹದಲ್ಲಿ ಶೇಖರವಾಗುತ್ತದೆ. ತಾಯಿ ಅದನ್ನು ಹಾಲಿನ ಜೊತೆ ಮರಿಗೂ ಕೊಡುತ್ತಾಳೆ. ನದಿಯಾದರೂ ಕಡಲಾದರೂ ಇದೇ ಸರಪಳಿ. ಸರಪಳಿಯ ತುದಿಯಲ್ಲಿ ಮೀನು ತಿನ್ನುವ ನಾವೂ ಇದ್ದೇವೆ.

ಸಮಾಧಾನದ ಸುದ್ದಿಯೂ ಇದೆ. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ, ದೇಶದ ನದಿ ಡಾಲ್ಫಿನ್‌ಗಳ ಮೊದಲ ಸಮಗ್ರ ಅಂದಾಜಿನಂತೆ 8 ರಾಜ್ಯಗಳ 28 ನದಿಗಳಲ್ಲಿ ಒಟ್ಟು 6,327 ಡಾಲ್ಫಿನ್‌ಗಳಿವೆ. ಅದರಲ್ಲಿ 2,397 ಉತ್ತರ ಪ್ರದೇಶದಲ್ಲೇ. ಅಂದರೆ ಉಳಿಸಿಕೊಳ್ಳಲು ಇನ್ನೂ ಏನೋ ಇದೆ.

ಆಮೆಗೆ ಕೊಟ್ಟ ಕೆಲಸ

ಕಾಶಿಯಲ್ಲಿ ಒಂದು ವಿಚಿತ್ರ ಪ್ರಯೋಗವೂ ನಡೆಯಿತು. ಮಣಿಕರ್ಣಿಕಾ, ಹರಿಶ್ಚಂದ್ರ ಘಾಟ್‌ಗಳಲ್ಲಿ ಅರೆಬೆಂದ ದೇಹಗಳು ನದಿ ಸೇರುತ್ತಿದ್ದವು. ಅವನ್ನು ತಿಂದು ನದಿ ಶುಚಿ ಮಾಡಲಿ ಅಂತ ಮಾಂಸಾಹಾರಿ ಆಮೆಗಳನ್ನು ಸಾರನಾಥದಲ್ಲಿ ಮರಿಯಿಂದ ಬೆಳೆಸಿ ಗಂಗೆಗೆ ಬಿಟ್ಟರು. 1989ರಲ್ಲಿ ರಾಮನಗರ ಕೋಟೆಯಿಂದ ಮಾಳವೀಯ ಸೇತುವೆಯವರೆಗಿನ 7 ಕಿಲೋಮೀಟರ್ ನದಿಯನ್ನು ಆಮೆ ಅಭಯಾರಣ್ಯ ಅಂತ ಘೋಷಿಸಿದರು. 2020ರಲ್ಲಿ ಆ ಘೋಷಣೆ ರದ್ದಾಯಿತು. ನಾವು ಮಾಡಿದ ಗಲೀಜನ್ನು ಬಾಚುವ ಕೆಲಸ ಆಮೆಗೆ ಕೊಟ್ಟೆವು, ಆದರೆ ಅದು ಪ್ಲಾಸ್ಟಿಕ್ ತಿಂದು ಬದುಕಲಾರದಲ್ಲ?

ನದಿ ದಾಟಿ ಕಡಲಿಗೆ ಬಂದರೆ ಅಲ್ಲೂ ಆಮೆಗಳೇ. ಒಡಿಶಾದ ಗಹಿರ್‌ಮಾಥಾದಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆ ನಮ್ಮ ಕಾರವಾರ, ಹೊನ್ನಾವರದ ಮರಳಿಗೂ ಬರುತ್ತದೆ. ಕಡಲಾಮೆಗಳಿಗೆ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್, ಇಷ್ಟದ ಆಹಾರ. ನೀರಿನಲ್ಲಿ ತೇಲುವ ತೆಳು ಪ್ಲಾಸ್ಟಿಕ್ ಕವರ್ ಅದರ ಕಣ್ಣಿಗೆ ಥೇಟ್ ಜೆಲ್ಲಿಫಿಶ್. ಸಾಲದ್ದಕ್ಕೆ, ಕೆಲ ದಿನ ಕಡಲಲ್ಲಿ ನೆನೆದ ಪ್ಲಾಸ್ಟಿಕ್ಕಿಗೆ ಪಾಚಿ ಹತ್ತಿ ಆಹಾರದ ವಾಸನೆಯೂ ಬರುತ್ತದೆ. ನುಂಗಿದ ಕವರ್ ಕರಗುವುದಿಲ್ಲ, ಕರುಳು ಕಟ್ಟುತ್ತದೆ. ಹೊಟ್ಟೆ ತುಂಬಿದ್ದರೂ ಪ್ರಾಣಿ ಹಸಿವಿನಿಂದ ಸಾಯುತ್ತದೆ. 2019ರಲ್ಲಿ ಫಿಲಿಪ್ಪೀನ್ಸ್ ತೀರದಲ್ಲಿ ಸತ್ತ ಒಂದು ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕಿದ್ದು 40 ಕಿಲೋ ಪ್ಲಾಸ್ಟಿಕ್!

ಕಾಣದ ಕಸ

ಕಾಣುವ ಕಸವನ್ನಾದರೂ ಹೆಕ್ಕಬಹುದು. 5 ಮಿಲಿಮೀಟರಿಗಿಂತ ಸಣ್ಣ ಚೂರುಗಳಿಗೆ 'ಮೈಕ್ರೋಪ್ಲಾಸ್ಟಿಕ್' ಅಂತಾರೆ. ಇವು ಬಿಸಿಲಿಗೆ ಪುಡಿಯಾದ ಕವರ್‌ಗಳಿಂದ ಬರುತ್ತವೆ, ಬಟ್ಟೆ ಒಗೆಯುವಾಗ ಉದುರುವ ಎಳೆಗಳಿಂದಲೂ ಬರುತ್ತವೆ. 2021ರಲ್ಲಿ 'ಟಾಕ್ಸಿಕ್ಸ್ ಲಿಂಕ್' ಸಂಸ್ಥೆ ಹರಿದ್ವಾರ, ಕಾನ್ಪುರ, ವಾರಾಣಸಿ ಮೂರೂ ಕಡೆಯ ಗಂಗಾಜಲ ಪರೀಕ್ಷೆ ಮಾಡಿಸಿದಾಗ ಹೆಚ್ಚು ಸಿಕ್ಕಿದ್ದು ವಾರಾಣಸಿಯಲ್ಲಿ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಗಂಗೆ ಮತ್ತು ಅದರ ಜೊತೆ ಕೂಡುವ ಬ್ರಹ್ಮಪುತ್ರ, ಮೇಘನಾ ಸೇರಿ ದಿನಕ್ಕೆ 100ರಿಂದ 300 ಕೋಟಿ ಇಂಥ ಕಣಗಳನ್ನು ಬಂಗಾಳ ಕೊಲ್ಲಿಗೆ ಸುರಿಯುತ್ತಿರಬಹುದು. ಸಿಕ್ಕ ಕಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬಟ್ಟೆಯ ನೂಲಿನಂಥ ಎಳೆಗಳು. ರೇಯಾನ್, ಅಕ್ರಿಲಿಕ್... ನಮ್ಮ ನಿಮ್ಮ ಬೀರುವಿನಲ್ಲಿ ಇರುವಂಥವೇ.

ಬೆಂಗಳೂರಿಗೂ ಒಂದು ಅಸ್ಸಿ ಇದೆ

ಈಗ ಮನೆ ಕಡೆ ಬರೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎಂಬ ನಂಬಿಕೆಯ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ಹೋಗುವಾಗ ನಾವು ಗುರುತಿಸುವುದು ಮೂಗಿನಿಂದ. ಆಕೆ ಬೈರಮಂಗಲದ ಕಡೆ ಹೋಗಿ ಅರ್ಕಾವತಿ ಸೇರುತ್ತಾಳೆ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತಾಳೆ, ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಊರಿನ ಇನ್ನೊಂದು ಬದಿಯ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಕಡಲೂರಿನ ಹತ್ತಿರ ಅದೇ ಕೊಲ್ಲಿಗೆ. ಬೆಳ್ಳಂದೂರು ಕೆರೆಯ ನೊರೆ, 2017 ಮತ್ತು 2018ರಲ್ಲಿ ಅಲ್ಲಿ ಎದ್ದ ಬೆಂಕಿಯನ್ನು ಯಾರು ಮರೆತಾರು? ಆ ನೊರೆಯಲ್ಲಿ ನಮ್ಮ ಬಟ್ಟೆ ಸೋಪಿನ ಪಾಲೂ ಇತ್ತು. 2018ರಿಂದ ಈ ಕಣಿವೆಯ ಸಂಸ್ಕರಿಸಿದ ನೀರಿನ ಒಂದು ಭಾಗ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಉಳಿದದ್ದು ಹರಿಯುತ್ತಲೇ ಇದೆ.

ನೋಡಿದಿರಾ? ಕಾಶಿಯ ಅಸ್ಸಿಯೂ ನಮ್ಮ ವೃಷಭಾವತಿಯೂ ಕೊನೆಗೆ ಒಂದೇ ಕೊಲ್ಲಿಯಲ್ಲಿ ಭೇಟಿಯಾಗುತ್ತವೆ. ಕಾಶಿಗೆ ಹೋಗಲಾಗದವರೂ ದಿನಾ ಬಚ್ಚಲಿನಿಂದ ಅಲ್ಲಿಗೆ ಏನನ್ನೋ ಕಳಿಸುತ್ತಲೇ ಇದ್ದಾರೆ.

ಹಾಗಾದರೆ ಏನು ಬಿಡೋಣ?

ದೊಡ್ಡ ಕೆಲಸ ದೊಡ್ಡ ಮೋರಿಗಳದ್ದು, ಅದು ಸರ್ಕಾರ ಮತ್ತು ಪಾಲಿಕೆಗಳ ಹೊಣೆ. ನಾವೊಬ್ಬರು ಕವರ್ ಬಿಟ್ಟ ಮಾತ್ರಕ್ಕೆ ಗಂಗೆ ತಿಳಿಯಾಗುವುದಿಲ್ಲ, ನಿಜ. ಆದರೆ ಹೊಣೆ ಕೇಳುವ ಬಾಯಿಯೂ ನಮ್ಮದೇ ಅಲ್ಲವೇ?

ಕಾಶಿಗೆ ಹೊರಟಿದ್ದೀರಾ? ದೀಪ ಬಿಡಲು ಎಲೆಯ ದೊನ್ನೆಯನ್ನೇ ಕೇಳಿ ತೆಗೆದುಕೊಳ್ಳಿ, ಥರ್ಮೋಕೋಲ್ ಅಥವಾ ಹೊಳೆಯುವ ಕಾಗದದ ಬಟ್ಟಲು ಬೇಡ. ಹೂವು ತಂದ ಕವರನ್ನು ಚೀಲದಲ್ಲಿ ವಾಪಸ್ ತನ್ನಿ. ಘಾಟ್‌ನಲ್ಲಿ ಸೋಪು, ಶಾಂಪೂ ಬೇಡ. ಮುಳುಗು ಹಾಕಲು ಅದರ ಅಗತ್ಯವೂ ಇಲ್ಲ. ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ಬದಲು ಬೇಕಾದವರಿಗೆ ಕೊಡಿ, ಪುಣ್ಯ ಕಡಿಮೆಯಾಗುವುದಿಲ್ಲ.

ಮನೆಯಲ್ಲಿದ್ದೀರಾ? ಕರಿದ ಎಣ್ಣೆಯನ್ನು ಸಿಂಕಿಗೆ, ಹಳೆಯ ಮಾತ್ರೆಗಳನ್ನು ಕಮೋಡಿಗೆ ಹಾಕಬೇಡಿ. ಸೋಪಿನ ಪುಡಿ ಅಳತೆಯಲ್ಲಿರಲಿ. ವಾಷಿಂಗ್ ಮೆಷಿನ್ ಪೂರ್ತಿ ತುಂಬಿದ ಮೇಲೆ ಓಡಿಸಿ, ಎಳೆ ಉದುರುವುದು ಕಡಿಮೆಯಾಗುತ್ತದೆ. ಅಪಾರ್ಟ್‌ಮೆಂಟಿನವರಾದರೆ ಮುಂದಿನ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನಮ್ಮ ಎಸ್.ಟಿ.ಪಿ. ನಿಜವಾಗಿ ನಡೀತಿದೆಯಾ? ಕರೆಂಟ್ ಹೋದಾಗ ಏನಾಗುತ್ತೆ?" ಕಾಶಿಯ ಪಂಪುಗಳು ಕಲಿಸಿದ ಪಾಠವೇ ಇದು.

ಇನ್ನು ಪದ್ಧತಿಯ ವಿಷಯ. ಹಣ್ಣು, ತರಕಾರಿಗಳನ್ನು ಬಿಡುವವರು ಬಿಡಲಿ. ಜೊತೆಗೆ ಪ್ಲಾಸ್ಟಿಕ್ ಕವರನ್ನೂ ಒಮ್ಮೆ 'ಕಾಶಿಯಲ್ಲಿ ಬಿಟ್ಟೆ' ಅಂತ ಹೇಳಿಬಿಡಿ. ನದಿಯೊಳಗೆ ಅಲ್ಲ, ಅಭ್ಯಾಸದಿಂದ! ನೀವೇನು ಬಿಟ್ಟಿರಿ ಅಂತ ನಮಗೊಂದು ಸಾಲು ಬರೆದು ಕಳಿಸಿ. ನಿಮ್ಮ ಹೆಸರು, ಊರಿನ ಜೊತೆ ಕಾರ್ಯಕ್ರಮದಲ್ಲಿ ಓದುತ್ತೇವೆ.

ಕೇಳ್ತಾ ಇರಿ, ಮತ್ತೆ ಸಿಗೋಣ.